ಕೊಬ್ಬರಿ ವ್ಯಾಪಾರಿಯ ಕಿವಿ

ಅರಸೀಕೆರೆಯಲ್ಲಿ ನಮ್ಮ ಮನೆ ಮಾಲೀಕರು ಕೊಬ್ಬರಿ ವ್ಯಾಪಾರಿ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ತಿಳಿಯಲು ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ, "ಸದ್ದು ಸುಳ್ಳು ಹೇಳಲ್ಲ ಕಣ್ರೀ" ಎನ್ನುತ್ತಿದ್ದರು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಆನ್‌ಲೈನಿನಲ್ಲಿ ತರಿಸಿದ ಯಂತ್ರವನ್ನು ಹೊಟ್ಟೆಗಿಟ್ಟರೆ, ಇವರು ಹಾಗೆಯೇ ಕಣ್ಣು ಮುಚ್ಚಿ ಮೊಮ್ಮಗುವಿನ ಎದೆಬಡಿತ ಕೇಳುತ್ತಿದ್ದರು.

ಒಂದು ಸಂಜೆ ಮಗಳು, "ಬೆಳಿಗ್ಗೆಯಿಂದ ಮಗು ಒದ್ದಿಲ್ಲ ಅಪ್ಪಾಜಿ, ಆಸ್ಪತ್ರೆಗೆ ಹೋಗಾಣ" ಎಂದಳು.

"ಮಿಷನ್ನು ದಬದಬ ಅಂತೈತಲ್ಲ, ಇನ್ನೇನ್ ಬೇಕು?"

"ಅದನ್ನ ನಿಮ್ಮ ಹೊಟ್ಟೆಗಿಟ್ಟು ನೋಡಿ."

ಇಟ್ಟರು. ಅಲ್ಲೂ ದಬದಬ.

ಉಟ್ಟ ಲುಂಗಿಯಲ್ಲೇ ಓಡಿ ಆಟೋ ತಂದರು. ಪಂಚೆಯೂ ಇರಬಹುದು, ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆಟೋ ಹತ್ತುವಾಗಲೇ ಮಗು ಒದ್ದಿತು. ಮಗಳು ನಕ್ಕು, "ವಾಪಸ್ ಹೋಗಾಣ್ವಾ?" ಎಂದಳು.

"ಸುಮ್ನೆ ಕೂತ್ಕೊಳವ್ವ, ಡಾಕ್ಟ್ರು ನೋಡ್ಲಿ," ಎಂದರು. "ನನ್ ಹೊಟ್ಟೇಲೂ ಮಗು ಐತೆ ಅಂದ ಮಿಷನ್ನು ಅದು."