ಏಳನೇ ನಂಬರಿನ ಹಾದಿಯಲ್ಲಿ ಫುಟ್‌ಬಾಲ್ ಬಸ್ಸು

ಫುಸ್ಸೆಂದು ಬಸ್ಸಿನ ಬಾಗಿಲು ತೆರೆದುಕೊಂಡಿತು. ನೀರಿನಿಂದ ತಲೆ ಎತ್ತಿದ ಎಮ್ಮೆ ಉಸಿರು ಬಿಟ್ಟಂಥ ಸದ್ದು. ಡ್ರೈವರಕ್ಕ ಅದನ್ನು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಲೇ ಇರುವವಳು. ಕೇಳಿ ಕೇಳಿ ಅದು ಅವಳ ಕಿವಿಗೇ ಬೀಳದಷ್ಟು ಹತ್ತಿರವಾಗಿಬಿಟ್ಟಿತ್ತು. ಆ ದಿನದ ತಪ್ಪಿಗೆ ಅದೇ ಕಾರಣ.

ಮಾರ್ಕೆಟ್ಟಿನಿಂದ ಹೊರಟು ಸೇತುವೆ ದಾಟಿ ದೊಡ್ಡಾಸ್ಪತ್ರೆಗೆ ಹೋಗುವ ಏಳನೇ ನಂಬರ್ ಬಸ್ಸನ್ನು ಅವಳು ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದಾಳೆ. ಅಪ್ಪ ಲಾರಿ ಡ್ರೈವರ್. ಮಗಳಿಗೆ ಅವನು ಕೊಟ್ಟ ಆಸ್ತಿ ಎಂದರೆ ಗೇರು ಬದಲಿಸುವಾಗ ಒಳಗೆ ಕೂತವರಿಗೆ ಗೊತ್ತಾಗಬಾರದು ಎಂಬ ಒಂದು ಹಟ. ಎತ್ತರ ಕಡಿಮೆಯಾದ್ದರಿಂದ ಬೆನ್ನಿಗೊಂದು, ಕೂರಲೊಂದು ದಿಂಬು. ಕನ್ನಡಿ ಒರೆಸಲು ಗಂಡನ ಹಳೇ ಬನಿಯನ್ನು. ಎಷ್ಟೇ ರುಚಿಯಾದ ಮಾತಿರಲಿ, ಬಸ್ಸು ಬಿಡುವ ಹೊತ್ತಾಯಿತೆಂದರೆ ಎದ್ದು ನಡೆದುಬಿಡುತ್ತಾಳೆ. ಕಟಿಂಗ್ ಶಾಪು ಇಟ್ಟಿರುವ ಗಂಡ ಗಿರಾಕಿಗಳ ಗಡ್ಡಕ್ಕೆ ನೊರೆ ಹಚ್ಚುತ್ತಾ ಅದನ್ನೇ ಹೇಳಿ ನಗಿಸುತ್ತಾನೆ: "ಮದುವೆ ಆಗ್ತೀಯಾ ಅಂತ ನಾನು ಕೇಳಿದಾಗ, ಬಸ್ಸು ಬಿಡೋ ಹೊತ್ತಾಯ್ತು ಅಂತ ಎದ್ದು ಹೋದಳು. ಉತ್ತರ ಇನ್ನೂ ಬಂದಿಲ್ಲ."

ಹದಿನೇಳು ತುಂಬದ ಹುಡುಗಿಯರ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಊರಿಗೆ ಬಂದಾಗ, ತಂಡಗಳ ಬಸ್ಸಿಗೆ ಹೆಂಗಸರೇ ಡ್ರೈವರಾಗಿ ಬೇಕೆಂದು ಡಿಪೋಗೆ ಹೇಳಿಕಳಿಸಿದರು. ಡ್ರೈವರಕ್ಕನ ಪಾಲಿಗೆ ಬಂದದ್ದು ಎಲ್ಲರಿಗಿಂತ ಪುಟ್ಟ ದೇಶದ ತಂಡ, ಜೊತೆಗೊಂದು ನೀಲಿ ಬಸ್ಸು. ಫುಟ್‌ಬಾಲ್ ಎಂದರೆ ಟೀವಿಯಲ್ಲಿ ತನ್ನ ಧಾರಾವಾಹಿಗೆ ಅಡ್ಡ ಬರುವ ಆಟ ಎಂಬುದಷ್ಟೇ ಅವಳ ತಿಳಿವಳಿಕೆ. ಹುಡುಗಿಯರ ಭಾಷೆ ಅವಳಿಗೆ ಬಾರದು, ಇವಳದು ಅವರಿಗೆ ಬಾರದು. ನಡುವೆ ದುಭಾಷಿಯಾಗಿ ಒಬ್ಬ ಕಾಲೇಜು ಹುಡುಗಿ ಇದ್ದಳು. ಆದರೂ ಎರಡೇ ದಿನದಲ್ಲಿ ಡ್ರೈವರಕ್ಕ ಎಲ್ಲರಿಗೂ ಹೆಸರಿಟ್ಟಾಗಿತ್ತು. ಸದಾ ಹಾಡುವವಳು ರೇಡಿಯೋ. ಕೂತಲ್ಲೇ ನಿದ್ದೆ ಹೋಗುವವಳು ಮೂಟೆ. ಡ್ರೈವರಕ್ಕನ ಬೆನ್ನ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಲು ಜಾಗ ಸಾಲದೆ ಕೂರುತ್ತಿದ್ದ ಗೋಲ್‌ಕೀಪರ್ ಹುಡುಗಿ ಕೊಕ್ಕರೆ.

ಕೊಕ್ಕರೆ ಮಾತಾಡುತ್ತಿರಲಿಲ್ಲ. ದಾರಿಯುದ್ದಕ್ಕೂ ಉಗುರು ಕಡಿಯುತ್ತಿದ್ದಳು. ಕನ್ನಡಿಯಲ್ಲಿ ಡ್ರೈವರಕ್ಕನಿಗೆ ಕಾಣುತ್ತಿದ್ದುದು ಅವಳ ಮುಖವಲ್ಲ, ಬಾಯಿಗೂ ತೊಡೆಗೂ ಓಡಾಡುವ ಎರಡು ಕೈ. ಮೊದಲ ಪಂದ್ಯದಲ್ಲಿ ಆ ಕೈಯಿಂದಲೇ ಮೂರು ಚೆಂಡು ಜಾರಿ ಒಳಹೋದವು. ವಾಪಸು ಬರುವಾಗ ರೇಡಿಯೋ ಕೂಡ ಬಂದ್. ಇನ್ನೊಂದು ಸೋತರೆ ಗಂಟುಮೂಟೆ ಕಟ್ಟಿದ ಹಾಗೆಯೇ ಎಂದು ದುಭಾಷಿ ಮೆಲ್ಲಗೆ ತಿಳಿಸಿದಳು. ಡ್ರೈವರಕ್ಕ ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ, ಈ ಮಕ್ಕಳು ಇಷ್ಟು ಬೇಗ ಹೋಗಬಾರದು ಕಣ್ರಿ ಎಂದಳು. ಕೊನೆಗೊಮ್ಮೆ ಅವಳು ಪೂರ್ತಿ ಮಾತು ಮುಗಿಸಿದ್ದಕ್ಕೆ ಅವನು ಬೆರಗಾದ.

ಎರಡನೇ ಪಂದ್ಯದ ದಿನ ದೊಡ್ಡ ರಸ್ತೆಯನ್ನು ನೀರಿನ ಪೈಪಿಗಾಗಿ ಅಗೆದಿದ್ದರು. ಪೊಲೀಸ್ ಪೇದೆ ಕೈ ಅಡ್ಡ ಮಾಡಿ ಎಡಕ್ಕೆ ತಿರುಗಿಸಿದ. ಎಡಕ್ಕೆ ತಿರುಗಿದರೆ ಅದು ಏಳನೇ ನಂಬರಿನ ಹಾದಿ. ಡ್ರೈವರಕ್ಕನ ತಲೆಯಲ್ಲಿ ಹನ್ನೊಂದು ಜನ ಹುಡುಗಿಯರ ಪಂದ್ಯ ಓಡುತ್ತಿತ್ತು, ಕೈಗೆ ಮಾತ್ರ ತನ್ನ ರಸ್ತೆ ಸಿಕ್ಕಿತ್ತು. ಟೈಲರ್ ಅಂಗಡಿಯ ಎದುರು ಇಂಡಿಕೇಟರ್ ತಾನೇ ಮಿನುಗಿತು, ಬಸ್ಸು ಅಂಚಿಗೆ ಸರಿಯಿತು, ಬಾಗಿಲು ಫುಸ್ಸೆಂದಿತು. ಇಬ್ಬರು ಹತ್ತಿದರು. ಮುಂದಿನ ಸ್ಟಾಪಿನಲ್ಲಿ ಮೂವರು. ಹೊಸ ಬಸ್ಸು ಬಿಟ್ಟಿದ್ದಾರೆ, ಸೀಟು ಮೆತ್ತಗಿವೆ ಎಂದು ಅವರವರೇ ಮಾತಾಡಿಕೊಂಡು ಫುಟ್‌ಬಾಲ್ ಹುಡುಗಿಯರ ಪಕ್ಕ ಹಾಯಾಗಿ ಕೂತರು. ಮೂರನೇ ಸ್ಟಾಪು ದಾಟುತ್ತಲೇ ದುಭಾಷಿ ಹಿಂದಿನ ಸೀಟಿನಿಂದ ಓಡಿಬಂದಳು.

"ಅಕ್ಕಾ, ಇವರೆಲ್ಲ ಯಾರು?"

ಡ್ರೈವರಕ್ಕ ಕನ್ನಡಿ ನೋಡಿದಳು. ಟೈಲರು, ಪೋಸ್ಟಾಫೀಸಿನ ಗುಮಾಸ್ತರು, ಆಸ್ಪತ್ರೆಯ ಆಯಾ. ಎಲ್ಲ ಅವಳ ದಿನನಿತ್ಯದ ಮುಖಗಳು. ಆಗಷ್ಟೇ ತಾನು ಮಾಡಿದ್ದು ಗೊತ್ತಾಯಿತು. ಆದರೆ ಸ್ಟಾಪಿಲ್ಲದ ಕಡೆ ಯಾರನ್ನೂ ಇಳಿಸಿದವಳಲ್ಲ ಅವಳು. ಇಳಿಸುತ್ತಾ ನಿಂತರೆ ಪಂದ್ಯಕ್ಕೆ ಹೊತ್ತಾಗುತ್ತದೆ ಬೇರೆ. ಎಲ್ಲರೂ ಗಟ್ಟಿಯಾಗಿ ಹಿಡ್ಕೊಳ್ಳಿ ಎಂದು ಗಾಡಿ ಮುಂದಕ್ಕೆ ಬಿಟ್ಟಳು.

ಅಷ್ಟರಲ್ಲಿ ಬೆನ್ನ ಹಿಂದೆ ಜಗಳ. ಮಗಳ ಮನೆಗೆಂದು ದಿನಾ ಇದೇ ಬಸ್ಸಿಗೆ ಹತ್ತುವ ಉಲ್ಲನ್ ಅಜ್ಜಿ, ತನ್ನ ಸೀಟಿನಲ್ಲಿ ಯಾರೋ ಕೂತಿರುವುದನ್ನು ಕಂಡಿದ್ದಳು. ಹೆಣೆಯುವ ಕಡ್ಡಿಗಳನ್ನು ಜಡೆಗೇ ಸಿಕ್ಕಿಸಿಕೊಂಡು ಓಡಾಡುವ ಮುದುಕಿ ಅವಳು.

"ಸ್ವಲ್ಪ ಒತ್ತಿಕೊಳ್ಳೇ ಹುಡುಗಿ. ಕಾಲೋ ಏಣಿಯೋ ಇದು?"

ಕೊಕ್ಕರೆ ಒತ್ತಿಕೊಂಡಳು. ಅಜ್ಜಿ ಚೀಲದಿಂದ ಹಳದಿ ಉಲ್ಲನ್ನಿನ ಲಡಿ ತೆಗೆದಳು. ಲಡಿಯನ್ನು ಉಂಡೆ ಮಾಡಬೇಕೆಂದರೆ ಅದನ್ನು ಅಗಲಿಸಿ ಹಿಡಿಯಲು ಯಾರದಾದರೂ ಎರಡು ಕೈ ಬೇಕು. ಬಸ್ಸಿನಲ್ಲಿ ಪಕ್ಕ ಕೂತವರ ಕೈ ತನ್ನದೇ ಎಂಬುದು ಅಜ್ಜಿಯ ಹಳೇ ಕಾನೂನು. ಟೈಲರು, ಗುಮಾಸ್ತರು ಎಲ್ಲರೂ ಆ ಸೆರೆಯನ್ನು ಅನುಭವಿಸಿದವರೇ. ಬಾಯಲ್ಲಿದ್ದ ಕೊಕ್ಕರೆಯ ಬೆರಳನ್ನು ಅಜ್ಜಿ ಪಟ್ಟೆಂದು ಹೊಡೆದು ಕೆಳಗಿಳಿಸಿ, ಎರಡೂ ಅಂಗೈ ಎದುರುಬದುರು ನಿಲ್ಲಿಸಿ ಲಡಿ ತೊಡಿಸಿದಳು.

"ಅಲ್ಲಾಡಿಸಬೇಡ. ಗಂಟಾದರೆ ನೀನೇ ಬಿಡಿಸಬೇಕು."

ಆಮೇಲೆ ಮಗಳು, ಅಳಿಯ, ಮಂಡಿ ನೋವು, ಮೊಮ್ಮಗುವಿನ ಟೋಪಿ ಎಂದು ದಾರಿಯುದ್ದಕ್ಕೂ ಅಜ್ಜಿಯ ವರದಿ. ಒಂದಕ್ಷರ ತಿಳಿಯದ ಕೊಕ್ಕರೆ, ನೂಲು ಎಡದಿಂದ ಬಿಟ್ಟುಕೊಂಡಾಗ ಎಡಗೈ, ಬಲದಿಂದ ಬಿಟ್ಟುಕೊಂಡಾಗ ಬಲಗೈ ಮೆಲ್ಲಗೆ ಬಾಗಿಸುತ್ತಾ ಬಂದಳು. ಡ್ರೈವರಕ್ಕ ಕನ್ನಡಿಯಲ್ಲಿ ನೋಡಿದಳು. ಉಗುರು ಕಡಿಯಲು ಬಿಡುವೇ ಇಲ್ಲದ ಆ ಕೈ ಬಾಯಿಯ ದಾರಿಯನ್ನೇ ಮರೆತಿತ್ತು.

ಕ್ರೀಡಾಂಗಣದ ಹೊರಗೆ ಬಸ್ಸಿನಲ್ಲೇ ಕಾಯುವುದು ಡ್ರೈವರಾದವರ ಕೆಲಸ. ಉಳಿದ ಪ್ರಯಾಣಿಕರು ನಗುತ್ತಾ ಬೈಯುತ್ತಾ ತಮ್ಮ ದಾರಿ ಹಿಡಿದರು. ಲಡಿ ಇನ್ನೂ ಅರ್ಧ ಉಳಿದಿದ್ದರಿಂದ ಅಜ್ಜಿ ಮಾತ್ರ, ಹುಡುಗಿ ಬಂದು ಮುಗಿಸಿಕೊಡಲಿ ಎಂದು ಅಲ್ಲೇ ಕೂತಳು. ಮಗಳಿಗೆ ಫೋನು ಮಾಡಿ, ಕೆಲಸದ ಮೇಲೆ ಇದ್ದೇನೆ ಎಂದೂ ಹೇಳಿದಳು. ಗೋಡೆಯಾಚೆ ಸಾವಿರಾರು ಗಂಟಲು. ಇಬ್ಬರೂ ಕಿಟಕಿಗೆ ಕಿವಿಯಿಟ್ಟು ಆಟ ನೋಡಿದರು. ಒಮ್ಮೆ ದೊಡ್ಡ ಗದ್ದಲವೆದ್ದು ನಮ್ಮದೋ ಅವರದೋ ತಿಳಿಯದೆ ಡ್ರೈವರಕ್ಕ ಗೇಟಿನ ಕಾವಲುಗಾರನನ್ನು ಕೇಳಿಬಂದಳು. ನಮ್ಮದೇ, ಒಂದು ಗೋಲು. ಕೊನೆಯಲ್ಲಿ ಒಮ್ಮೆಲೇ ಎಲ್ಲ ಸ್ತಬ್ಧ. ಪೆನಾಲ್ಟಿಯಂತೆ ಎಂದು ಕಾವಲುಗಾರ ಕೂಗಿ ಹೇಳಿದ. ಅವರು ಒದೆಯುತ್ತಾರೆ, ನಮ್ಮವಳೊಬ್ಬಳೇ ತಡೆಯಬೇಕು. ಡ್ರೈವರಕ್ಕ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಳು. ಎಡಕ್ಕೆ ಬಂದರೆ ಎಡಗೈ, ಬಲಕ್ಕೆ ಬಂದರೆ ಬಲಗೈ. ಆಮೇಲೆ ಎದ್ದ ಸದ್ದಿಗೆ ಬಸ್ಸಿನ ಗಾಜು ಅದುರಿತು. ಕಾವಲುಗಾರ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ.

ಹುಡುಗಿಯರು ಕಿರುಚುತ್ತಾ ಬಸ್ಸಿಗೆ ನುಗ್ಗಿದರು. ಕೊನೆಯಲ್ಲಿ ಬಂದ ಕೊಕ್ಕರೆ ಮೊಣಕೈಯ ಮಣ್ಣನ್ನೂ ಕೊಡವದೆ ತನ್ನ ಜಾಗದಲ್ಲಿ ಕೂತು, ಅಜ್ಜಿಯ ಮುಂದೆ ಎರಡೂ ಕೈ ಚಾಚಿದಳು.

ಸುದ್ದಿ ಡಿಪೋಗೆ ಮುಟ್ಟದೆ ಇರುತ್ತದೆಯೇ? ತಂಡದ ಬಸ್ಸಿಗೆ ದಾರಿಹೋಕರನ್ನು ಹತ್ತಿಸಿದ್ದಕ್ಕೆ ಮ್ಯಾನೇಜರು ಕೆಂಡವಾಗಿದ್ದರು. ಮುಂದಿನ ಪಂದ್ಯಕ್ಕೆ ಬೇರೆ ಡ್ರೈವರನ್ನು ಹಾಕಿದ್ದೇನೆ ಎಂದರು. ಡ್ರೈವರಕ್ಕ ತಪ್ಪನ್ನು ಒಪ್ಪಿಕೊಂಡಳು. ಏಳನೇ ನಂಬರಿಗೆ ಮರಳುವುದು ಅವಳಿಗೆ ಶಿಕ್ಷೆಯೇನೂ ಅಲ್ಲ. ಆದರೂ ನೀಲಿ ಬಸ್ಸಿನಿಂದ ದಿಂಬುಗಳನ್ನು ಎತ್ತಿಕೊಳ್ಳುವಾಗ ಕನ್ನಡಿಯನ್ನು ಇನ್ನೊಮ್ಮೆ ಒರೆಸಿದಳು. ಕೊಕ್ಕರೆಗೆ ಇದನ್ನು ಯಾವ ಭಾಷೆಯಲ್ಲಿ ಹೇಳುವುದು?

ಪಂದ್ಯದ ಬೆಳಿಗ್ಗೆ ತಂಡದ ಕೋಚಮ್ಮ ದುಭಾಷಿಯನ್ನು ಕರೆದುಕೊಂಡು ತಾನೇ ಡಿಪೋಗೆ ಬಂದಳು. ಈ ಡ್ರೈವರೇ ಬೇಕು, ಆ ಮುದುಕಿಯೂ ಬೇಕು, ಇಲ್ಲದಿದ್ದರೆ ತನ್ನ ಗೋಲ್‌ಕೀಪರ್ ಬಸ್ಸು ಹತ್ತುವುದಿಲ್ಲವಂತೆ ಎಂದಳು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು.

"ಅಲ್ಲಮ್ಮಾ, ಅಜ್ಜಿಗೆ ಪಾಸು ಕೊಡಬೇಕಾದರೆ ಏನು ಕೆಲಸ ಅಂತ ಬರೀಲಿ?"

"ಅಜ್ಜಿ ಅಂತಲೇ ಬರೀರಿ ಸಾರ್," ಬಾಗಿಲ ಬಳಿ ನಿಂತಿದ್ದ ಡ್ರೈವರಕ್ಕ ಹೇಳಿದಳು.

ದುಭಾಷಿ ಅದನ್ನು ಅನುವಾದಿಸಿದಳು, ಕೋಚಮ್ಮ ಬಲವಾಗಿ ತಲೆಯಾಡಿಸಿದಳು. ಮ್ಯಾನೇಜರಿಗೆ ನಗು ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಹೊರಗೆ ನೀಲಿ ಬಸ್ಸಿನಲ್ಲಿ ಉಲ್ಲನ್ ಅಜ್ಜಿ ಆಗಲೇ ತನ್ನ ಸೀಟಿನಲ್ಲಿದ್ದಳು, ಈ ಸಲ ಚೀಲದಲ್ಲಿ ಕೆಂಪು ಲಡಿ. ಬಸ್ಸು ಬಿಡುವ ಹೊತ್ತಾಗಿತ್ತು. ಡ್ರೈವರಕ್ಕ ದಿಂಬುಗಳನ್ನು ಕಂಕುಳಲ್ಲಿ ಇರುಕಿಕೊಂಡಳು.

"ಒಂದು ಮಾತು ಚೆನ್ನಾಗಿ ಕೇಳಿಸಿಕೋ," ಮ್ಯಾನೇಜರು ಬೆರಳೆತ್ತಿದರು. "ಅಜ್ಜಿ ಒಬ್ಬಳೇ. ಟೈಲರ್ ಇಲ್ಲ, ಗುಮಾಸ್ತ ಇಲ್ಲ. ಪೈಪಿನ ಕೆಲಸ ಇನ್ನೂ ಮುಗಿದಿಲ್ಲ, ನಿನ್ನ ಹಾದಿಯಲ್ಲೇ ಹೋಗಬೇಕು. ಹಾಗಂತ ಯಾವ ಸ್ಟಾಪಿನಲ್ಲೂ, ಕೇಳ್ತಾ ಇದೀಯಾ, ಯಾವ ಸ್ಟಾಪಿನಲ್ಲೂ ಬಾಗಿಲು..."

ಡ್ರೈವರಕ್ಕ ಅಷ್ಟರಲ್ಲಿ ಅಂಗಳದ ಅರ್ಧ ದಾಟಿದ್ದಳು.