ಬಾಂಜುಲ್‌ಗೆ ಹೋದ ವನಜಾಕ್ಷಿ

ಯಾವ ಮಾತ್ರೆಯ ಪಟ್ಟಿ ಕೈಗೆ ಬಂದರೂ ವನಜಾಕ್ಷಿ ಮೊದಲು ಹಿಂದುಮುಂದು ಮಾಡಿ ನೋಡುತ್ತಿದ್ದಳು. ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನ ಔಷಧಿ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಅವಳ ಕೆಲಸವೇ ಅದು. ಬ್ಯಾಚ್ ನಂಬರು ಸರಿಯಾಗಿ ಅಚ್ಚಾಗಿದೆಯೇ, ಅವಧಿ ಮುಗಿಯುವ ತಿಂಗಳು ಮಸುಕಾಗಿಲ್ಲವೇ ಎಂದು ನೋಡುವುದು. ಕಳೆದ ವರ್ಷ ಫೆಬ್ರವರಿಯಲ್ಲಿ, ಆಸ್ಪತ್ರೆಯ ಕೊನೆಯ ವಾರದಲ್ಲಿ, ನರ್ಸು ತಂದ ಮಾತ್ರೆಯನ್ನೂ ಹಾಗೆಯೇ ತಿರುಗಿಸಿ ನೋಡಿ, "ನಮ್ಮಲ್ಲಿಯದೇ" ಎಂದು ನುಂಗಿದಳು. ಅದಾಗಿ ನಾಲ್ಕನೆಯ ದಿನ ಹೋದಳು.

ಅವಳ ವಿಷಯ ಬರೆಯಲು ಹೊರಟರೆ ನನಗೆ ಮೊದಲು ನೆನಪಾಗುವುದು ನಾವಿಬ್ಬರೂ ಬಾಂಜುಲ್‌ಗೆ ಹೋದದ್ದು. ಅದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಎಂಬ ಪುಟ್ಟ ದೇಶದ ರಾಜಧಾನಿ. ಚಳಿಗಾಲದಲ್ಲಿ ಮ್ಯಾಂಚೆಸ್ಟರ್‌ನಿಂದ ಬಿಸಿಲು ಹುಡುಕಿಕೊಂಡು ಹೋಗುವವರ ವಿಮಾನ ಆರು ಗಂಟೆಯಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ವನಜಾಕ್ಷಿ ಮಾತ್ರ ಬಿಸಿಲಿಗೆಂದು ಹೋದವಳಲ್ಲ.

ಮಲ್ಪೆ ಕಡೆಯ ಮೀನುಗಾರರ ಮನೆಯ ಮಗಳು. ಎಂಬತ್ತನಾಲ್ಕರಲ್ಲಿ ಗಂಡ ಲೋಕಯ್ಯನ ಜೊತೆ ಸ್ಟಾಕ್‌ಪೋರ್ಟ್‌ಗೆ ಬಂದಳು. ನಾನು ಮೈಸೂರಿನವಳು, ಸ್ಟಾಕ್‌ಪೋರ್ಟ್‌ನಲ್ಲೇ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಮ್ಯಾಂಚೆಸ್ಟರ್‌ನಲ್ಲಿ ನಮ್ಮವರು ಸೇರುತ್ತಿದ್ದ ಯುಗಾದಿ ಊಟದಲ್ಲಿ ಪರಿಚಯವಾಗಿ, ಆಮೇಲೆ ವಾರಕ್ಕೊಮ್ಮೆಯಾದರೂ ಅವಳ ಅಡಿಗೆಮನೆಯಲ್ಲಿ ಕೂರುವಷ್ಟು ಹತ್ತಿರವಾದೆವು. ಲೋಕಯ್ಯ ಎರಡು ಸಾವಿರದ ಒಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಮರುವರ್ಷ ಒಂದು ಸೀಮಂತ. ಹೆಂಗಸರು ಸಾಲಾಗಿ ಕೂತಿದ್ದರು. ಅರಿಸಿನ ಕುಂಕುಮದ ತಟ್ಟೆ ಹಿಡಿದುಕೊಂಡು ಬಂದ ಹುಡುಗಿ ನನಗೆ ಕೊಟ್ಟಳು, ವನಜಾಕ್ಷಿಯನ್ನು ದಾಟಿ ಅವಳಾಚೆ ಇದ್ದವರಿಗೆ ಕೊಟ್ಟಳು. ಬೇಕೆಂದು ಮಾಡಿದಳೋ ಕಾಣದೆ ಮಾಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಆ ತಟ್ಟೆಯನ್ನು ವಾಪಸು ಕರೆಯಬಹುದಿತ್ತು. ಕರೆಯಲಿಲ್ಲ. ವನಜಾಕ್ಷಿ ಕೋಸಂಬರಿಗೆ ಒಗ್ಗರಣೆ ಹಾಕಿದ್ದಾರೋ ನೋಡುತ್ತೇನೆಂದು ಎದ್ದು ಹೋದಳು. ಅಂದಿನಿಂದ ಯಾವ ಶುಭಕಾರ್ಯವಾದರೂ ಅವಳು ಸಿಗುತ್ತಿದ್ದುದು ಅಡಿಗೆಮನೆಯಲ್ಲೇ.

ಎರಡು ಸಾವಿರದ ನಾಲ್ಕರ ಅಕ್ಟೋಬರಿನಲ್ಲಿ ಲೀಡ್ಸ್‌ನಲ್ಲಿದ್ದ ಮಗಳು ಸ್ವಸ್ತಿಕಾಗೆ ಹೆಣ್ಣು ಮಗುವಾಯಿತು. ಹದಿನೈದು ದಿನ ಬಾಣಂತನ ಮಾಡಿ ಬಂದವಳೇ ವನಜಾಕ್ಷಿ ಟ್ರಾವೆಲ್ ಅಂಗಡಿಯ ಪುಸ್ತಕ ಹಿಡಿದು ನಮ್ಮ ಮನೆ ಬಾಗಿಲಲ್ಲಿ ನಿಂತಳು.

"ಚಂದ್ರಾ, ನವೆಂಬರಲ್ಲಿ ನಿಂಗೆ ಒಂದು ವಾರ ರಜೆ ಉಂಟಾ?"

"ಡ್ಯೂಟಿ ರೋಟಾ ನೋಡ್ಬೇಕು. ಎಲ್ಲಿಗೆ?"

"ಬಾಂಜುಲ್. ಏಳು ರಾತ್ರಿ, ತಿಂಡಿ ಅವರದ್ದೇ. ಇಪ್ಪತ್ತು ವರ್ಷ ರಜೆ ಹಾಕಿದ್ದೆಲ್ಲ ಊರಿಗೆ, ಊರಿಗೆ ಅಂತ ಹೋಯ್ತು. ನಾನೂ ಒಮ್ಮೆ ಟೂರಿಸ್ಟ್ ಆಗುದು ಬೇಡ್ವಾ?"

"ಮಗೂಗೆ ಹೆಸರಿಡೋದು ಯಾವಾಗ?"

"ಅದೆಲ್ಲ ನಾವು ಬಂದ ಮೇಲೆ ಮಾರಾಯ್ತಿ."

ಅದು ಸುಳ್ಳು. ನಾಮಕರಣ ನಾವು ಅಲ್ಲಿರುವ ಭಾನುವಾರವೇ ನಿಗದಿಯಾಗಿತ್ತು; ಯಾವ ಹೆಸರೆಂದೂ ಅವಳಿಗೆ ಗೊತ್ತಿತ್ತು. ಮಗಳಿಗೆ, ಟಿಕೆಟ್ಟು ಮೊದಲೇ ಆಗಿಹೋಗಿದೆ, ದುಡ್ಡು ವಾಪಸು ಬರುವುದಿಲ್ಲ ಎಂದಿದ್ದಳು. ಮೊಮ್ಮಗಳ ತೊಟ್ಟಿಲ ಬಳಿ ಎಲ್ಲರೂ ನಿಂತಿರುವಾಗ ತಾನು ದೂರ ನಿಲ್ಲಬೇಕಾದೀತು ಎಂದು, ಆ ದಿನ ಬೇರೆ ಖಂಡದಲ್ಲಿರುವ ಏರ್ಪಾಡು ಮಾಡಿಕೊಂಡಿದ್ದಳು. ನನಗೆ ಇದೊಂದೂ ಗೊತ್ತಿರಲಿಲ್ಲ.

ಹೋಟೆಲು ಊರ ಹೊರಗೆ, ಸಮುದ್ರದ ದಂಡೆಯಲ್ಲಿ. ಬಿಳಿಯರು ಎಣ್ಣೆ ಹಚ್ಚಿಕೊಂಡು ಮಲಗಿದ್ದನ್ನು ಎರಡು ದಿನ ನೋಡಿದಳು. "ಇದಕ್ಕೆ ದುಡ್ಡು ಕೊಟ್ಟು ಬರ್ಬೇಕಾ? ಮಲ್ಪೆಯಲ್ಲಿ ಧರ್ಮಕ್ಕೆ ಸಿಗ್ತದೆ," ಎಂದು ಮೂರನೆಯ ದಿನ ಟ್ಯಾಕ್ಸಿ ಮಾಡಿಸಿದಳು.

ಬಾಂಜುಲ್ ದೊಡ್ಡ ಊರಲ್ಲ. ಊರ ಬಾಗಿಲಿಗೆ ಒಂದು ಎತ್ತರದ ಕಮಾನು, ಬಿಳಿ ಕಂಬಗಳ ಮೇಲೆ. ಹತ್ತಿ ನೋಡಿದರೆ ತಗಡಿನ ಮಾಡುಗಳು, ಮಸೀದಿಯ ಗೋಪುರ, ಆಚೆಗೆ ಸಮುದ್ರ ಸೇರುವ ಅಗಲವಾದ ನದಿ, ಅದರ ಮೇಲೆ ಜನ, ಆಡು, ಲಾರಿ ಎಲ್ಲವನ್ನೂ ಹೇರಿಕೊಂಡು ನಿಧಾನವಾಗಿ ಬರುತ್ತಿದ್ದ ಫೆರಿ. ಅವಳು ಆ ಫೆರಿಯನ್ನು ದಡ ಮುಟ್ಟುವವರೆಗೂ ನೋಡಿದಳು. ಇಳಿದು ಮಾರುಕಟ್ಟೆಗೆ ಹೋದೆವು. ಬಟ್ಟೆಯ ಅಂಗಡಿಗಳು, ನೆಲಗಡಲೆಯ ರಾಶಿ, ಮಣಿಸರದವರು, ಅವನ್ನೆಲ್ಲ ದಾಟಿ ಮುಂದೆ ಹೋದಾಗ ಒಂದು ವಾಸನೆ ಬಂತು. ನಾನು ಸೆರಗು ಮೂಗಿಗೆ ಹಿಡಿದೆ. ಅವಳು ನೆಟ್ಟಗೆ ಅದರತ್ತ ನಡೆದಳು. ಒಣಮೀನು.

ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮೀನು ಹರಡಿಕೊಂಡು ಕೂತಿದ್ದಳು. ವನಜಾಕ್ಷಿ ಒಂದನ್ನು ಎತ್ತಿ, ಹೆಬ್ಬೆರಳಿಂದ ಒತ್ತಿ, ಮೂಸಿ, ಬೆನ್ನು ತಿರುಗಿಸಿ ನೋಡಿ, ಇಂಗ್ಲಿಷಿನಲ್ಲಿ, "ಉಪ್ಪು ಸಾಲದು. ಇನ್ನೂ ಒಂದು ಬಿಸಿಲು ಬೇಕಿತ್ತು," ಎಂದಳು.

"ತಗೊಳ್ಳೋದಾದ್ರೆ ತಗೊಳ್ಳಿ," ಎಂದಳು ಆಕೆ, ಅಲ್ಲಿಯವರ ಇಂಗ್ಲಿಷಿನಲ್ಲಿ. "ಪರೀಕ್ಷೆ ಮಾಡೋಕೆ ಸರ್ಕಾರದವರು ಬೇರೆ ಇದ್ದಾರೆ."

"ನಾನು ಸರ್ಕಾರದವಳಲ್ಲ. ಮೀನಿನವರ ಮಗಳು."

ಆಕೆ ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕು, ಒಂದು ಮಣೆ ಮುಂದಕ್ಕೆ ತಳ್ಳಿದಳು. ಹೆಸರು ಇಸಾತು. ಮುಂದಿನ ಒಂದು ಗಂಟೆ ನಾನೊಬ್ಬಳು ಅಲ್ಲಿದ್ದೇನೆಂದು ಇಬ್ಬರಿಗೂ ನೆನಪಿರಲಿಲ್ಲ. ಉಪ್ಪು ಎಷ್ಟು, ಮರಳಿನ ಮೇಲೋ ಚಾಪೆಯ ಮೇಲೋ, ಕಾಗೆಗೆ ಏನು ಮಾಡುತ್ತೀರಿ. ನಡುವೆ ಇಸಾತು ಕೇಳಿದಳು:

"ಗಂಡ?"

"ಇಲ್ಲ. ಹೋಗಿ ಮೂರು ವರ್ಷ."

"ನನ್ನವನು ಹೋಗಿ ಐದು," ಎಂದು ಇಸಾತು ಮೀನಿನ ಮೇಲಿನ ನೊಣ ಓಡಿಸಿದಳು. "ನಾಳೆ ನನ್ನ ತಂಗಿಯ ಮಗುವಿಗೆ ಹೆಸರಿಡ್ತೇವೆ. ಹುಟ್ಟಿದ ಎಂಟನೇ ದಿನ. ಇಬ್ಬರೂ ಬರಬೇಕು."

ಹೋಟೆಲಿಗೆ ಮರಳುವಾಗ ಟ್ಯಾಕ್ಸಿಯಲ್ಲಿ ವನಜಾಕ್ಷಿ, "ನೀನು ಹೋಗಿ ಬಾ. ನಾನು ಅಂಥಲ್ಲಿಗೆ ಹೋಗುದಿಲ್ಲ," ಎಂದಳು. ಯಾಕೆ ಎಂದು ಪೀಡಿಸಿದಾಗ ಹೊರಗೆ ನೋಡುತ್ತಲೇ ಹೇಳಿದಳು. "ಆದಿತ್ಯವಾರ ಸ್ವಸ್ತಿಕಾನ ಮಗೂದು ಉಂಟು. ಅಲ್ಲಿಗೇ ಹೋಗಲಿಲ್ಲ. ಇಲ್ಲಿಗೆ ಹೋಗ್ಲಿಕ್ಕೆ ಮುಖ ಬೇಡ್ವಾ?"

ನನಗೆ ಎಲ್ಲ ಅರ್ಥವಾಯಿತು. ಸಿಟ್ಟು ಬಂತು, ಆದರೆ ಸೀಮಂತದ ಆ ತಟ್ಟೆ ಕಣ್ಣ ಮುಂದೆ ಬಂದು ಬಾಯಿ ಕಟ್ಟಿತು. ಇಷ್ಟು ಮಾತ್ರ ಅಂದೆ: "ಕರೆದವರ ಮನೆಗೆ ಹೋಗದೇ ಇರೋದು ನಿಮ್ಮೂರಲ್ಲಿ ಮರ್ಯಾದೇನಾ?"

"ಹತ್ತು ನಿಮಿಷ," ಎಂದಳು. "ಹಿಂದೆ ನಿಂತು ಬರುವ."

ಮರುದಿನ ಇಸಾತುವಿನ ತಂಗಿಯ ಅಂಗಳದ ತುಂಬ ಜನ. ಹೆಂಗಸರು ತಲೆಗೆ ಗರಿಗರಿ ಬಟ್ಟೆ ಕಟ್ಟಿಕೊಂಡು, ನವಿಲು ಬಣ್ಣ, ನಿಂಬೆ ಬಣ್ಣ. ನಟ್ಟನಡುವೆ ಚಾಪೆಯ ಮೇಲೆ, ಎಲ್ಲರಿಗಿಂತ ಮುಂದೆ, ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತವಳು ಇಸಾತುವೇ. ಮಗುವಿನ ತಲೆಗೂದಲು ತೆಗೆದರು. ಹಿರಿಯರೊಬ್ಬರು ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದರು, ಆಮೇಲೆ ಗಟ್ಟಿಯಾಗಿ ಎಲ್ಲರಿಗೂ ಹೇಳಿದರು. ವನಜಾಕ್ಷಿ ಗೋಡೆಗೆ ಒರಗಿ, ಅದನ್ನು ನೋಡದೆ ಇಸಾತುವನ್ನೇ ನೋಡುತ್ತಿದ್ದಳು.

ಬಂದವರಿಗೆಲ್ಲ ಕೋಲಾ ಎಂಬ ಮರದ ಕಾಯಿ ಹಂಚಿದರು. ಶುಭಕಾರ್ಯದಲ್ಲಿ ಕೈಗೆ ಕಾಯಿ ಬಂದರೆ ಅದು ಅಡಿಕೆಯೇ ಎಂಬುದು ನಮ್ಮವರ ಲೆಕ್ಕ. ವನಜಾಕ್ಷಿ ಪೂರ್ತಿ ಒಂದನ್ನು ದವಡೆಗೆ ಸೇರಿಸಿ ನನ್ನ ಕಿವಿಯಲ್ಲಿ, "ಎಲೆ, ಸುಣ್ಣ ಎಲ್ಲಿ ಉಂಟು?" ಎಂದಳು. ಮರುಗಳಿಗೆಯಲ್ಲಿ ಅವಳ ಮುಖ ಹಿಂಡಿಹೋಯಿತು. ಅಷ್ಟು ಕಹಿ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಬ್ಬಳು ನೀರು ತಂದಳು, ಇನ್ನೊಬ್ಬಳು ಕೈಹಿಡಿದು ಎಳೆದು ಚಾಪೆಯ ಮೇಲೆ ಕೂರಿಸಿದಳು. ಹೀಗೆ ಅವಳು ಮುಂದಿನ ಸಾಲಿಗೆ ಬಂದದ್ದು.

ಇಸಾತು ಮಗುವನ್ನು ಅವಳತ್ತ ಚಾಚಿದಳು. ವನಜಾಕ್ಷಿ ಕೈ ಹಿಂದಕ್ಕೆಳೆದುಕೊಂಡಳು.

"ನನಗೆ ಗಂಡ ಇಲ್ಲ ಅಂತ ನಿನ್ನೆ ಹೇಳಿದೆನಲ್ಲ."

"ಕೇಳಿಸಿಕೊಂಡೆ," ಎಂದಳು ಇಸಾತು. "ಕೈಗೇನಾಗಿದೆ?"

ವನಜಾಕ್ಷಿ ಕೈ ಚಾಚಿದಳು. ನಾವು ಅಲ್ಲಿಂದ ಎದ್ದದ್ದು ಹತ್ತು ನಿಮಿಷಕ್ಕಲ್ಲ, ಊಟ ಮುಗಿಸಿ ನಾಲ್ಕು ಗಂಟೆಗೆ.

ಭಾನುವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವಳು ಎರಡು ಸಲ ಗಡಿಯಾರ ನೋಡಿದಳು. ಲೀಡ್ಸ್‌ನಲ್ಲಿ ಮುಹೂರ್ತ ಹನ್ನೊಂದಕ್ಕೆ; ಚಳಿಗಾಲದಲ್ಲಿ ಎರಡೂ ಕಡೆ ಗಂಟೆ ಒಂದೇ. ನಮ್ಮ ವಿಮಾನ ಇನ್ನೂ ಮೂರು ದಿನಕ್ಕೆ. "ಏಳು ಚಂದ್ರಾ," ಎಂದಳು. "ಫೋನ್ ಎಲ್ಲುಂಟು ನೋಡುವ."

ಹೋಟೆಲಿನ ಫೋನು ಕೆಟ್ಟಿತ್ತು. ರಸ್ತೆಬದಿಯ ಫೋನ್ ಅಂಗಡಿಯಲ್ಲಿ ಐದು ಜನರ ಸಾಲು. ಸರದಿ ಬಂದಾಗ ಹತ್ತೂ ಐವತ್ತು. ರಿಸೀವರ್ ಕಿವಿಗೆ ತಾಗಿಸದೆ ಹಿಡಿಯುವುದು ಅವಳ ರೂಢಿ, ಹಾಗಾಗಿ ಆಚೆಯ ಮಾತು ನನಗೂ ಕೇಳುತ್ತಿತ್ತು.

"ಸ್ವಸ್ತಿ, ಹೆಸರಿಟ್ಟಾಯ್ತಾ?"

"ಅಮ್ಮ! ನಾಟ್ ಯೆಟ್. ಆರ್ ಯೂ ಓಕೆ?"

"ಮಗೂನ ಕಿವಿಯಲ್ಲಿ ಯಾರು ಹೇಳುದು?"

"ಐ ಡೋಂಟ್ ನೋ, ಅತ್ತೆ ಮೇಬಿ. ಯೂ ಡಿಡಂಟ್ ವಾಂಟ್ ಟು ಕಮ್."

"ಬೇಡ ಅಂತ ಅಲ್ಲ ಮಗಾ. ಅಪ್ಪ ಇಲ್ಲದ ಮೇಲೆ ನಾನು ತೊಟ್ಟಿಲ ಹತ್ತಿರ ನಿಲ್ಲಬಾರದು ಅಂತ."

"ಹೂ ಸೆಡ್ ದಟ್? ಅಮ್ಮ, ಯಾರು ಹೇಳಿದ್ದು ನಿಂಗೆ?"

ವನಜಾಕ್ಷಿ ಬಾಯಿ ತೆರೆದಳು. ಹೇಳಲು ಒಂದು ಹೆಸರೂ ಇರಲಿಲ್ಲ. ನನ್ನತ್ತ ನೋಡಿದಳು. "ಯಾರೂ ಇಲ್ಲ," ಎಂದಳು.

ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು. ಮೈಸೂರಿನಿಂದ ಬಂದಿದ್ದ ಬೀಗಿತ್ತಿ ಶಾರದಮ್ಮ. "ಏನ್ರೀ ಇದು? ನೀವು ಆಫ್ರಿಕಾ ನೋಡ್ಕೊಂಡಿರಿ, ಇಲ್ಲಿ ತೊಟ್ಟಿಲು ಕಾಯ್ಕೊಂಡಿರ್ಲಿ! ತಾಯಿಯ ತಾಯಿ ಹೆಸರು ಹೇಳ್ದೆ ಇನ್ಯಾರು ಹೇಳ್ಬೇಕು? ಸ್ವಸ್ತಿಕಾ, ಮಗೂನ ತಗೊಂಬಾರೆ. ಫೋನು ಅದರ ಕಿವೀಗಿಡು. ಸರಿಯಾಗಿ, ಕಿವೀಗೆ!"

ಆಚೆ ಬಟ್ಟೆ ಸರಿದ ಸದ್ದು. ಆಮೇಲೆ ಉಸಿರು, ಬೆಕ್ಕಿನ ಮರಿಯದಷ್ಟು ಸಣ್ಣದು. ವನಜಾಕ್ಷಿ ಮೊದಲ ಸಲ ರಿಸೀವರನ್ನು ಬಿಗಿಯಾಗಿ ಕಿವಿಗೆ ಒತ್ತಿಕೊಂಡಳು. ಇನ್ನೊಂದು ಕೈಯಿಂದ ಬಾಯಿಯ ಸುತ್ತ ಮರೆ ಮಾಡಿಕೊಂಡಳು.

"ಇಂಚರಾ," ಎಂದಳು. "ಇಂಚರಾ. ಇಂಚರಾ."

ಮೂರನೆಯ ಸಲಕ್ಕೆ ಮಗು ಅಲ್ಲಿ ಅತ್ತದ್ದು ನನಗೂ ಕೇಳಿಸಿತು.