ಠಾಕುರ್ಲಿಯ ಕಿಟಕಿಯಲ್ಲಿ ಕೆಂಪು ಬೈರಾಸು

ನಮ್ಮ ಮನೆಯವರಿಗೆ ಮರೆವು ಹುಟ್ಟುಗುಣ. ಕನ್ನಡಕ, ಹೋಟೆಲಿನ ಬೀಗದ ಕೈ, ರೈಲಿನ ಪಾಸು, ದಿನಕ್ಕೊಂದು ಏನಾದರೂ ಮನೆಯಲ್ಲೇ ಉಳಿಯುತ್ತಿತ್ತು. ಠಾಕುರ್ಲಿಯಲ್ಲಿ ನಮ್ಮದು ಮೂರನೇ ಮಾಳಿಗೆ. ಅಡುಗೆಮನೆಯ ಕಿಟಕಿಯಿಂದ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ನೇರ ಕಾಣುತ್ತಿತ್ತು. ಮನೆ ಕೊಂಡ ಹೊಸತರಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ರೈಲು ಹತ್ತುವ ಮೊದಲು ಅವರು ಒಮ್ಮೆ ಮೇಲೆ ನೋಡಬೇಕು. ಕಿಟಕಿಯಲ್ಲಿ ಮೈ ಒರೆಸುವ ಕೆಂಪು ಬೈರಾಸು ನೇತಾಡುತ್ತಿದ್ದರೆ ಏನೋ ಮರೆತಿದೆ, ವಾಪಸು ಬರಬೇಕು ಎಂದು ಅರ್ಥ. ಮೊಬೈಲು ಬಂದ ಮೇಲೂ ಇದು ನಿಲ್ಲಲಿಲ್ಲ. ಮೊಬೈಲನ್ನೇ ಮರೆತು ಹೋಗುವ ಮನುಷ್ಯನಿಗೆ ಫೋನು ಮಾಡುವುದು ಹೇಗೆ?

ಆ ಕಿಟಕಿಗೆ ನಾನು ಬೈದದ್ದು ಕಡಿಮೆಯಲ್ಲ. ರೈಲಿನ ಗದ್ದಲಕ್ಕೆ ಕುಕ್ಕರಿನ ಸೀಟಿ ಕೇಳಿಸುತ್ತಿರಲಿಲ್ಲ. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಕಪ್ಪು ಧೂಳು. "ಇದು ಮನೆಯೋ ಪ್ಲಾಟ್‌ಫಾರ್ಮೋ" ಎಂದು ಗೊಣಗುತ್ತಲೇ ಸಂಸಾರ ಮಾಡಿದೆ. ಮಗಳು ಅದೇ ಗದ್ದಲದಲ್ಲಿ ಓದಿ, ಕೆಲಸ ಹಿಡಿದು, ಮದುವೆಯಾಗಿ ಮುಂದಿನ ಸ್ಟೇಷನ್ನಾದ ಕಲ್ಯಾಣಕ್ಕೆ ಹೋದಳು.

ಮನೆಯ ಸಾಲ ತೀರಲು ಸ್ವಲ್ಪವೇ ಬಾಕಿ ಇದ್ದಾಗ ಘೋಡಬಂದರ್ ರಸ್ತೆಯ ಹೋಟೆಲಿನ ಸುದ್ದಿ ಬಂತು. ಕಂಡಕ್ಟಿಂಗ್ ಮೇಲೆ ನಡೆಸುವುದು. ಅಂದರೆ ಮಾಲೀಕನಿಗೆ ದೊಡ್ಡ ಡಿಪಾಸಿಟ್ಟು, ತಿಂಗಳು ತಿಂಗಳು ಬಾಡಿಗೆ ಕೊಟ್ಟು, ಅವನ ಬೋರ್ಡಿನ ಕೆಳಗೆ ನಾವು ವ್ಯಾಪಾರ ಮಾಡುವುದು. ಉಡುಪಿ ಕಡೆಯಿಂದ ಬಂದು ಬೇರೆಯವರ ಗಲ್ಲಾದಲ್ಲಿ ಕೂತೇ ತಲೆ ನರೆತವರಿಗೆ ಅದು ದೊಡ್ಡ ಆಸೆ. ಡಿಪಾಸಿಟ್ಟಿಗೆ ಮನೆಯ ಮೇಲೆಯೇ ಎರಡನೇ ಸಾಲ ತೆಗೆದೆವು. "ಮನೆಯ ಬೆಲೆ ಇಷ್ಟು ಏರಿದೆ, ಸುಮ್ಮನೆ ಇಟ್ಟುಕೊಂಡು ಏನು ಮಾಡ್ತೀರಿ ಅಂಕಲ್?" ಎಂದಿದ್ದ ಬ್ಯಾಂಕಿನವನು. ನಾವು ಸುಮ್ಮನೆ ಇಟ್ಟುಕೊಂಡಿರಲಿಲ್ಲ, ಅದರೊಳಗೆ ಬದುಕಿದ್ದೆವು. ಆದರೂ ಸಹಿ ಹಾಕಿದೆವು, ನಾನೂ ಹಾಕಿದೆ.

ಒಂದು ವರ್ಷ ಹೋಟೆಲು ಚೆನ್ನಾಗಿಯೇ ನಡೆಯಿತು. ಆಮೇಲೆ ಎದುರಿನ ರಸ್ತೆ ಅಗೆದು, ಬಾಗಿಲಿನವರೆಗೂ ತಗಡು ನಿಲ್ಲಿಸಿದರು. ಗಾಡಿ ನಿಲ್ಲಿಸಲು ಜಾಗವಿಲ್ಲದ ಕಡೆ ಇಡ್ಲಿ ತಿನ್ನಲು ಯಾರು ಬರುತ್ತಾರೆ? ಎರಡನೇ ಸಾಲದ ಕಂತು ಬೌನ್ಸ್ ಆಗತೊಡಗಿತು.

ಇಲ್ಲಿ ನಮ್ಮವರು ಮಾಡಿದ ತಪ್ಪನ್ನು ಹೋಟೆಲಿನವರು ಮಾತ್ರ ಮಾಡಬಲ್ಲರು. ಹಾಲಿನವನಿಗೆ ಒಂದು ದಿನವೂ ತಪ್ಪಿಸಲಿಲ್ಲ. ತರಕಾರಿಯವನು, ಗ್ಯಾಸಿನವನು, ಹುಡುಗರ ಪಗಾರ, ಎಲ್ಲ ಹೊತ್ತಿಗೆ ಸರಿಯಾಗಿ. ಹಾಲು ನಿಂತರೆ ಹೋಟೆಲು ನಿಂತಿತು ಎಂಬುದು ಅವರ ರಕ್ತದಲ್ಲೇ ಇತ್ತು. ಬ್ಯಾಂಕನ್ನೂ ಅವರು ಉದ್ರಿ ಕೊಡುವ ಕಿರಾಣಿಯವನ ಸಾಲಿಗೇ ಸೇರಿಸಿದರು. ವಸೂಲಿಗೆ ಬಂದವನನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಮಸಾಲೆ ದೋಸೆ ತಿನ್ನಿಸಿ, ಕಾಫಿ ಕುಡಿಸಿ, ಗಲ್ಲಾದಿಂದ ಒಂದಿಷ್ಟು ನೋಟು ತೆಗೆದು "ಸದ್ಯಕ್ಕೆ ಇಷ್ಟು ಇಟ್ಟುಕೊಳ್ಳಿ, ಉಳಿದದ್ದು ಸೀಸನ್ನಿಗೆ" ಎಂದರಂತೆ. ಅವನು ದೋಸೆ ತಿಂದ, ನೋಟು ಮುಟ್ಟಲಿಲ್ಲ. "ಅಂಕಲ್, ಬ್ಯಾಂಕ್ ಮೇ ಐಸಾ ನಹೀ ಚಲ್ತಾ", ಬ್ಯಾಂಕಿನಲ್ಲಿ ಹೀಗೆಲ್ಲ ನಡೆಯುವುದಿಲ್ಲ, ಎಂದು ಕೈ ತೊಳೆದುಕೊಂಡು ಹೋದ.

ಇವರು ಅದನ್ನು ಮನೆಯಲ್ಲಿ ನಗುತ್ತಾ ಹೇಳಿದರು. "ಒಳ್ಳೆ ಹುಡುಗ ಮಾರಾಯ್ತಿ. ಸ್ವಲ್ಪ ದಿನ ಸುಧಾರಿಸ್ತಾರೆ."

"ಹಾಲಿನವ ನಿಮ್ಮ ಹೋಟೆಲು ಮುಚ್ಚಿಸಿಯಾನು," ಎಂದೆ. "ಬ್ಯಾಂಕಿನವ ನಿಮ್ಮ ಮನೆಗೇ ಬೀಗ ಹಾಕ್ತಾನೆ. ಯಾರಿಗೆ ಮೊದಲು ಕೊಡ್ಬೇಕು, ನೀವೇ ಹೇಳಿ."

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನಷ್ಟದಲ್ಲಿ ಹೋಟೆಲು ಬಿಟ್ಟುಕೊಡುವ ಹೊತ್ತಿಗೆ ಡಿಪಾಸಿಟ್ಟೆಲ್ಲ ಬಾಕಿ ಬಾಡಿಗೆಗೆ ವಜಾ ಆಗಿತ್ತು. ಒಂದು ದಿನ ಮಾರ್ಕೆಟ್ಟಿನಿಂದ ಬಂದು ನೋಡುತ್ತೇನೆ, ನಮ್ಮ ಬಾಗಿಲಿಗೆ ಬ್ಯಾಂಕಿನವರು ಜಪ್ತಿಯ ನೋಟಿಸು ಅಂಟಿಸಿದ್ದಾರೆ. ಹೊಸ್ತಿಲಲ್ಲಿ ನಾನು ಬೆಳಿಗ್ಗೆ ಇಟ್ಟ ರಂಗೋಲಿಯನ್ನು ಯಾರದೋ ಬೂಟು ಅಳಿಸಿತ್ತು. ನೋಟಿಸಿಗಿಂತ ಹೆಚ್ಚು ಆ ಬೂಟಿನ ಗುರುತಿಗೇ ಅತ್ತೆ.

ಮರುದಿನ ಇವರನ್ನು ಎಬ್ಬಿಸಿಕೊಂಡು ಡೊಂಬಿವ್ಲಿಯ ಬ್ರ್ಯಾಂಚಿಗೆ ಹೋದೆ. ಅಲ್ಲಿದ್ದ ಮೇಡಂ ಒರಟಾಗಿ ಮಾತಾಡಲಿಲ್ಲ. ಎರಡು ಸಾಲಕ್ಕೂ ಒತ್ತೆ ಒಂದೇ ಮನೆ, ಎರಡನೆಯದು ತಪ್ಪಿದರೂ ಹೋಗುವುದು ಪೂರ್ತಿ ಮನೆಯೇ ಎಂದು ಬಿಡಿಸಿ ಹೇಳಿದರು. ಹರಾಜಿಗೆ ಮೊದಲು ನಾವೇ ಗಿರಾಕಿ ಹುಡುಕಿದರೆ ಬ್ಯಾಂಕು ಒಪ್ಪುತ್ತದೆ, ಹಣ ನೇರ ಸಾಲಕ್ಕೆ ಹೋಗಿ ಮಿಕ್ಕಿದ್ದು ನಮಗೆ ಬರುತ್ತದೆ. ಹರಾಜಾದರೆ ಸಿಕ್ಕಿದ ಬೆಲೆ. ಇವರು ಟೇಬಲಿನ ಅಂಚನ್ನೇ ನೋಡುತ್ತಾ ಕೂತಿದ್ದರು. "ನಾವೇ ಮಾರ್ತೇವೆ," ಎಂದು ನಾನು ಹೇಳಿದೆ.

ಮನೆ ತೋರಿಸುವ ಕೆಲಸವೂ ನನ್ನ ತಲೆಗೇ ಬಂತು. ಗಿರಾಕಿ ಬಂದ ಹಾಗೆಲ್ಲ ಹೊಗಳಬೇಕಲ್ಲ! ಸ್ಟೇಷನ್ನು ಎಷ್ಟು ಹತ್ತಿರ, ಎರಡೂ ಕಡೆಯಿಂದ ಗಾಳಿ, ನೀರಿಗೆ ಬರವಿಲ್ಲ, ಚಳಿಗಾಲದಲ್ಲಿ ಕಟ್ಟೆಯ ಮೇಲೆ ಬಿಸಿಲು ಬಂದು ಹಿಟ್ಟು ತಾನಾಗಿ ಉಬ್ಬುತ್ತದೆ. ನನ್ನ ಹರಕು ಮರಾಠಿಯಲ್ಲಿ ಹೇಳುತ್ತಾ ಹೋದಂತೆ ಮಧ್ಯೆ ನಿಲ್ಲಿಸಿ ಕಟ್ಟೆ ಒರೆಸತೊಡಗುತ್ತಿದ್ದೆ, ಏಕೆಂದರೆ ಎಲ್ಲವೂ ನಿಜವಾಗಿತ್ತು. ಅಷ್ಟು ವರ್ಷ ಬೈದ ಮನೆಯ ಮೇಲೆ ಮಾರುವ ಹೊತ್ತಿಗೆ ಇಷ್ಟು ಪ್ರೀತಿ ಹುಟ್ಟಬೇಕೆ? ಕೊನೆಗೆ ಬಂದ ಹೊಸ ದಂಪತಿಗೆ ಮನೆ ಹಿಡಿಸಿತು. ಆ ಹುಡುಗಿ ಕಿಟಕಿಯಲ್ಲಿ ನಿಂತು, "ಕಾಕು, ಗಾಡಿಚಾ ಆವಾಜ್ ತ್ರಾಸ್ ದೇತೊ ಕಾ?" ಎಂದು ಕೇಳಿದಳು. ರೈಲಿನ ಸದ್ದು ತೊಂದರೆ ಕೊಡುತ್ತದಾ ಎಂದು. "ಇಲ್ಲಮ್ಮ, ಅಭ್ಯಾಸ ಆಗ್ತದೆ," ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ಈಗ ಕೋಪರಖೈರಣೆಯಲ್ಲಿ ಬಾಡಿಗೆ ಮನೆ. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ದೇವರ ಪಟಗಳು ಕಪಾಟಿನಲ್ಲಿ ಒರಗಿಕೊಂಡಿವೆ. ಮಿಕ್ಕಿದ ಹಣ ಬ್ಯಾಂಕಿನಲ್ಲಿದೆ, ಯಾರ ಸಾಲವೂ ಇಲ್ಲ. ಇವರು ಕೆಳಗಿನ ಬೀದಿಯ ಹೋಟೆಲಿನಲ್ಲಿ ಮತ್ತೆ ಬೇರೆಯವರ ಗಲ್ಲಾದಲ್ಲಿ ಕೂರುತ್ತಾರೆ. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಧೂಳೇ ಇಲ್ಲ. ಕುಕ್ಕರಿನ ಸೀಟಿ ಸ್ಪಷ್ಟವಾಗಿ ಕೇಳುತ್ತದೆ, ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನನಗೆ ಆ ಮನೆ ಬೇಕು. ಬಾಯಿಬಿಟ್ಟು ಹೇಳಲು ಯಾಕೆ ನಾಚಿಕೆ, ನನಗೆ ಅದೇ ಬೇಕು.

ಮಗಳನ್ನು ನೋಡಲು ಕಲ್ಯಾಣಕ್ಕೆ ಹೋಗುವಾಗ ಥಾಣೆ ಸ್ಟೇಷನ್ನಿನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ಠಾಕುರ್ಲಿಯಲ್ಲಿ ನಿಲ್ಲದ ಫಾಸ್ಟ್ ಗಾಡಿಗೇ ನಾವು ಹತ್ತುತ್ತಿದ್ದೆವು. ಇಬ್ಬರೂ ಕಾರಣ ಹೇಳಿಕೊಂಡವರಲ್ಲ. ಕಳೆದ ಭಾನುವಾರ ಏನೋ ರಿಪೇರಿ, ಇದ್ದದ್ದು ಸ್ಲೋ ಗಾಡಿ ಮಾತ್ರ. ಠಾಕುರ್ಲಿ ಬಂದಾಗ ನಾನು ಕೈಚೀಲದೊಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಪಕ್ಕದಲ್ಲಿ ಇವರು ಸರಕ್ಕನೆ ಎದ್ದು ನಿಂತದ್ದು ಗೊತ್ತಾಯಿತು. ಅಂಗಿಯ ಜೇಬು, ಪ್ಯಾಂಟಿನ ಜೇಬು ಎರಡನ್ನೂ ಗಡಿಬಿಡಿಯಿಂದ ತಡಕುತ್ತಿದ್ದರು.

ತಲೆಯೆತ್ತಿ ನೋಡಿದೆ. ಮೂರನೇ ಮಾಳಿಗೆಯ ಕಿಟಕಿಯಲ್ಲಿ, ಮನೆ ಕೊಂಡ ಆ ಹುಡುಗಿ ಒಣಹಾಕಿದ ಕೆಂಪು ಟವೆಲು ಗಾಳಿಗೆ ಆಡುತ್ತಿತ್ತು.

"ಎಂತ ಮರೆತೆ ಮಾರಾಯ್ತಿ ನಾನು?" ಎಂದು ಕೇಳಿದರು. ಒಂದು ಕಾಲು ಆಗಲೇ ಬಾಗಿಲ ಕಡೆ ಇತ್ತು.

ಅವರ ಅಂಗಿಯ ತೋಳು ಹಿಡಿದು ಎಳೆದೆ. "ಎಂತದೂ ಇಲ್ಲ," ಎಂದೆ, "ಕೂತ್ಕೊಳ್ಳಿ." ಗಾಡಿ ಹೊರಟಿತು. ಕಲ್ಯಾಣ ಬರುವವರೆಗೂ ನಾನು ಆ ತೋಳು ಬಿಡಲಿಲ್ಲ.